ಗಾಯವಿಲ್ಲದವರ ಚಿಕಿತ್ಸೆ

ಭರತನ ನಾಟ್ಯಶಾಸ್ತ್ರದ ಮೊದಲ ಅಧ್ಯಾಯದಲ್ಲಿ ಒಂದು ಜಗಳದ ಕಥೆಯಿದೆ. ಲೋಕದ ಮೊತ್ತಮೊದಲ ನಾಟಕ ಇಂದ್ರಧ್ವಜದ ಹಬ್ಬದಲ್ಲಿ ನಡೆಯಿತು. ವಸ್ತು, ದೇವತೆಗಳು ದೈತ್ಯರನ್ನು ಸೋಲಿಸಿದ್ದು. ದೇವತೆಗಳು ಮೆಚ್ಚಿ ನಟರಿಗೆ ಉಡುಗೊರೆ ಕೊಟ್ಟರು. ನೋಡಲು ಬಂದಿದ್ದವರಲ್ಲಿ ದೈತ್ಯರೂ ಇದ್ದರು. ತಮ್ಮ ಸೋಲನ್ನೇ ಹಬ್ಬ ಮಾಡಿ ಆಡುತ್ತಿರುವುದನ್ನು ಕಂಡು ಅವರು ಕೆರಳಿದರು. ನಟರ ಮಾತು, ನಡೆ, ನೆನಪುಗಳನ್ನೆಲ್ಲ ಸ್ತಂಭಿಸಿಬಿಟ್ಟರು. ಇಂದ್ರ ಧ್ವಜದಂಡದಿಂದ ಅವರನ್ನು ಬಡಿದ. ಬಡಿತದಿಂದ ತಂಟೆ ನಿಲ್ಲಲಿಲ್ಲ. ಕೊನೆಗೆ ಬ್ರಹ್ಮನೇ ದೈತ್ಯರೊಡನೆ ಮಾತಿಗೆ ಕೂರಬೇಕಾಯಿತು. ನಾಟ್ಯವು ದೇವತೆಗಳದ್ದು ಮಾತ್ರವಲ್ಲ, ಮೂರು ಲೋಕದ ಭಾವಗಳೂ ಅದರಲ್ಲಿವೆ ಎಂದು ಅವನು ಅವರಿಗೆ ತಿಳಿಹೇಳಿದ. ದುಃಖದಲ್ಲಿರುವವರಿಗೆ, ದಣಿದವರಿಗೆ ನಾಟ್ಯ ವಿಶ್ರಾಂತಿ ಕೊಡುತ್ತದೆ ಎಂಬ ಪ್ರಸಿದ್ಧ ಮಾತು ಬರುವುದು ಇದೇ ಸಂದರ್ಭದಲ್ಲಿ.

ಆ ವಿಶ್ರಾಂತಿಯ ಮಾತನ್ನು ನಾವು ಉಳಿಸಿಕೊಂಡಿದ್ದೇವೆ, ಜಗಳವನ್ನು ಮರೆತಿದ್ದೇವೆ. ಕಲೆಯಿಂದ ಸಮುದಾಯದ ಗಾಯ ಮಾಯುತ್ತದೆ ಎಂದು ಇಂದು ವಿಚಾರ ಸಂಕಿರಣಗಳಲ್ಲೂ ಯೋಜನಾ ವರದಿಗಳಲ್ಲೂ ಹೇಳುತ್ತಾರೆ. ನಾನೂ ಅದನ್ನು ನಂಬುತ್ತೇನೆ. ಆದರೆ ಅಲ್ಲಿ ಒಂದು ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಗಾಯ ಇರುವುದು ಯಾರಲ್ಲಿ? ಪೆಟ್ಟು ತಿಂದವರಲ್ಲಿ ಎಂದು ಎಲ್ಲರೂ ಮೊದಲೇ ತೀರ್ಮಾನಿಸಿರುತ್ತಾರೆ. ಆದ್ದರಿಂದ ತಮಟೆ, ಬಣ್ಣ, ಹಾಡುಗಳನ್ನು ಹೊತ್ತುಕೊಂಡು ಕೇರಿಗೆ ಹೋಗುತ್ತಾರೆ, ಸಂತ್ರಸ್ತರ ಶಿಬಿರಕ್ಕೆ ಹೋಗುತ್ತಾರೆ. ಪೆಟ್ಟು ಕೊಟ್ಟವರ, ಅದನ್ನು ನೋಡುತ್ತ ನಿಂತವರ ಬೀದಿಗೆ ಹೋಗುವವರು ವಿರಳ. ಒಂದು ಊರಿನಲ್ಲಿ ಜಾತಿಯ ಹೆಸರಿನಲ್ಲಿ ಹಿಂಸೆ ನಡೆದಿದ್ದರೆ ಕಾಯಿಲೆ ಬಿದ್ದಿರುವುದು ಇಡೀ ಊರು. ಹಾಗಿರುವಾಗ ನೋವುಂಡವರಿಗೆ ಮಾತ್ರ ಸಮಾಧಾನ ಹೇಳಿ ಬರುವ ಕಲೆ, ಊರನ್ನು ಇದ್ದಂತೆಯೇ ಬಿಟ್ಟು ಬರುತ್ತದೆ.

ಬ್ರೆಜಿಲಿನ ರಂಗಕರ್ಮಿ ಅಗಸ್ಟೋ ಬೋಲ್ ಈ ಅಪಾಯವನ್ನು ಚೆನ್ನಾಗಿ ಬಲ್ಲವನಾಗಿದ್ದ. ಸೈನಿಕ ಸರ್ಕಾರ 1971ರಲ್ಲಿ ಅವನನ್ನು ಬಂಧಿಸಿ ಹಿಂಸಿಸಿತು. ಆಮೇಲೆ ಅವನು ದೇಶ ಬಿಡಬೇಕಾಯಿತು. ದಮನಿತರ ರಂಗಭೂಮಿಯನ್ನು ಕುರಿತ ಅವನ ಪುಸ್ತಕ 1974ರಲ್ಲಿ ಬಂತು. ಅರಿಸ್ಟಾಟಲ್ ಹೇಳಿದ ಕಥಾರ್ಸಿಸ್, ಅಂದರೆ ನಾಟಕ ನೋಡಿ ಭಾವಗಳನ್ನು ಹರಿಯಬಿಟ್ಟು ಹಗುರಾಗುವುದರ ಮೇಲೆ, ಅವನಿಗಿದ್ದ ಸಿಟ್ಟು ದೊಡ್ಡದು. ಪ್ರೇಕ್ಷಕ ಅತ್ತು ಹಗುರಾಗಿ ಮನೆಗೆ ಹೋದರೆ, ಬದಲಾವಣೆ ಬೇಕೆನ್ನುವ ಅವನೊಳಗಿನ ಕಾವೂ ಕಣ್ಣೀರಿನ ಜೊತೆಗೇ ಹರಿದುಹೋಗುತ್ತದೆ ಎಂಬುದು ಬೋಲ್‌ನ ವಾದ. ಅದಕ್ಕೇ ಅವನು ನಾಟಕವನ್ನು ನಡುವೆ ನಿಲ್ಲಿಸಿ, ನೋಡುವವರನ್ನೇ ರಂಗಕ್ಕೆ ಕರೆದು, ನೀವಾಗಿದ್ದರೆ ಏನು ಮಾಡುತ್ತಿದ್ದಿರಿ, ಮಾಡಿ ತೋರಿಸಿ ಎನ್ನುವ ಪದ್ಧತಿ ಕಟ್ಟಿದ. ಅವನ ಸಿಟ್ಟು ನನಗೆ ಅರ್ಥವಾಗುತ್ತದೆ, ಆದರೆ ಪೂರ್ತಿ ಒಪ್ಪಲಾರೆ. ದಿನವಿಡೀ ಅವಮಾನ ಉಂಡವರಿಗೆ ಒಂದು ರಾತ್ರಿಯ ವಿಶ್ರಾಂತಿ ಸಣ್ಣ ವಿಷಯವಲ್ಲ. ತತ್ತ್ವಪದ ಹಾಡುತ್ತ ಬೆಳಗು ಮಾಡುವ ಕೂಲಿಯವರಿಗೆ ನಿಮ್ಮ ಹಾಡು ಕ್ರಾಂತಿಗೆ ಅಡ್ಡಿ ಎಂದು ಹೇಳುವ ಹಕ್ಕು ಯಾರಿಗೂ ಇಲ್ಲ. ನನ್ನ ನಿಲುವು ಇಷ್ಟು: ಸಮಾಧಾನ ಪೆಟ್ಟು ತಿಂದವರಿಗೆ ಸಲ್ಲಬೇಕು, ಕಳವಳ ಪೆಟ್ಟು ತಿನ್ನದವರಿಗೆ ಸಲ್ಲಬೇಕು. ನಮ್ಮಲ್ಲಿ ಬಹಳ ಸಲ ಆಗುತ್ತಿರುವುದು ಇದರ ತಲೆಕೆಳಗು. ನೋವಿನ ನಾಟಕ ನೋಡಿದ ಉಳ್ಳವರು ಕಣ್ಣೊರೆಸಿಕೊಂಡು ಹಗುರಾಗುತ್ತಾರೆ; ನೋವಿನವರು ತಮ್ಮ ಗಾಯವನ್ನು ಇನ್ನೊಮ್ಮೆ ಬಿಚ್ಚಿ ತೋರಿಸಿ ದಣಿಯುತ್ತಾರೆ.

1975ರಲ್ಲಿ ಹುಟ್ಟಿದ 'ಸಮುದಾಯ' ತಂಡದ 'ಬೆಲ್ಚಿ' ಬೀದಿನಾಟಕ ಈ ಕಾರಣಕ್ಕೆ ನನಗೆ ಮುಖ್ಯ. 1977ರಲ್ಲಿ ಬಿಹಾರದ ಬೆಲ್ಚಿ ಎಂಬ ಹಳ್ಳಿಯಲ್ಲಿ ದಲಿತರನ್ನು ಕೊಂದು ಸುಟ್ಟರು. ಆ ಘಟನೆಯನ್ನು ಕರ್ನಾಟಕದ ವೃತ್ತಗಳಲ್ಲಿ, ಸಂತೆಮಾಳಗಳಲ್ಲಿ ಆಡಿದಾಗ ಸುತ್ತ ನಿಂತವರಲ್ಲಿ ಎಲ್ಲ ಜಾತಿಯವರೂ ಇರುತ್ತಿದ್ದರು. ಟಿಕೆಟ್ಟಿಲ್ಲ, ಪರದೆಯಿಲ್ಲ, ಮುಖ ಮರೆಸಿಕೊಳ್ಳಲು ಕತ್ತಲೂ ಇಲ್ಲ. ಬಿಹಾರ ದೂರವಿತ್ತು ನಿಜ, ಆದರೆ ಹಗಲು ಬೆಳಕಿನಲ್ಲಿ ಪಕ್ಕದಲ್ಲಿ ನಿಂತವನ ಮುಖ ಕಾಣುತ್ತಿತ್ತು. ಬೀದಿನಾಟಕದ ಬಲವೆಲ್ಲ ಅಲ್ಲಿದೆ ಎಂದು ನನ್ನ ನಂಬಿಕೆ.

ಇದೇ ಬೀದಿನಾಟಕ ಮುಂದೆ ಸರ್ಕಾರಿ ಇಲಾಖೆಗಳ ಪ್ರಚಾರದ ಕೈಗೆ ಸಿಕ್ಕಿತು. ಶೌಚಾಲಯ ಕಟ್ಟಿಸಿ, ಕೈ ತೊಳೆಯಿರಿ, ಕುಡಿತ ಬಿಡಿ ಎನ್ನುವ ಬೀದಿನಾಟಕಗಳನ್ನು ನಾವೆಲ್ಲ ನೋಡಿದ್ದೇವೆ. ಅದರಿಂದ ಹೊಟ್ಟೆ ಹೊರೆಯುವ ಕಲಾವಿದರ ಮೇಲೆ ನನಗೆ ಯಾವ ದೂರೂ ಇಲ್ಲ. ಆದರೆ ಅಲ್ಲಿ ಮಾತು ಮೇಲಿನಿಂದ ಕೆಳಕ್ಕಷ್ಟೇ ಹರಿಯುತ್ತದೆ. ನಲ್ಲಿಯಲ್ಲಿ ನೀರು ಬಾರದ ಕೇರಿಗೆ ಹೋಗಿ ಕೈ ತೊಳೆಯುವುದನ್ನು ಕಲಿಸಿದರೆ, ತಪ್ಪೆಲ್ಲ ಕೇರಿಯದೇ ಎಂದು ಸಾರಿದಂತಾಗುತ್ತದೆ.

ಕರ್ನಾಟಕದ ಸೆರೆಮನೆಗಳ ರಂಗಭೂಮಿ ಇದಕ್ಕಿಂತ ಕಷ್ಟದ ಪ್ರಶ್ನೆಯನ್ನು ಎತ್ತುತ್ತದೆ. ರಂಗಾಯಣದ ನಟ ಹುಲುಗಪ್ಪ ಕಟ್ಟೀಮನಿ ವರ್ಷಗಟ್ಟಲೆ ಕೈದಿಗಳ ಜೊತೆ ತಾಲೀಮು ನಡೆಸಿ ನಾಟಕ ಮಾಡಿಸಿದರು. ಅವುಗಳಲ್ಲಿ ಎಚ್. ಎಸ್. ಶಿವಪ್ರಕಾಶರ 'ಮಾರನಾಯಕನ ದೃಷ್ಟಾಂತ'ವೂ ಒಂದು. ಅದು ಷೇಕ್ಸ್‌ಪಿಯರನ ಮ್ಯಾಕ್‌ಬೆತ್ ಕಥೆಯ ಕನ್ನಡ ರೂಪ. ಕೊಲೆ ಮಾಡಿ ನಿದ್ದೆ ಕಳೆದುಕೊಂಡವನ ಕಥೆಯನ್ನು ಜೀವಾವಧಿ ಶಿಕ್ಷೆಯವರು ಆಡಿದಾಗ ಪ್ರೇಕ್ಷಕರು ಎದ್ದುನಿಂತು ಚಪ್ಪಾಳೆ ತಟ್ಟುತ್ತಾರೆ. ಸತ್ತವನ ಮನೆಯವರು ಆ ಚಪ್ಪಾಳೆಯನ್ನು ಕೇಳಿಸಿಕೊಂಡರೆ?

ಈ ಆಕ್ಷೇಪವನ್ನು ಕಲೆಯ ದೊಡ್ಡ ಮಾತುಗಳಿಂದ ತಳ್ಳಿಹಾಕಬಾರದು. ಆ ಮನೆಗೆ ನಾಟಕ ಏನನ್ನೂ ಕೊಡುವುದಿಲ್ಲ. ಅವರಿಗೆ ಬೇಕಾದದ್ದು ನ್ಯಾಯ, ಆಸರೆ, ಮಕ್ಕಳ ಓದಿಗೆ ದಾರಿ. ಅವನ್ನು ಕೊಡಬೇಕಾದವರು ಬೇರೆ. ಆದರೂ ಆ ನಾಟಕ ಬೇಕು ಎನ್ನುತ್ತೇನೆ. ಕೊಲೆಗಾರರೆಂದರೆ ಬೇರೆಯೇ ಜಾತಿಯ ಜೀವಿಗಳು, ನಾವು ಆ ಪೈಕಿಯಲ್ಲ ಎಂಬ ನೆಮ್ಮದಿಯಲ್ಲಿ ಹೊರಗಿನ ಸಮಾಜ ಬದುಕುತ್ತದೆ. ನೂರಾರು ಮಾತುಗಳನ್ನು ಬಾಯಿಪಾಠ ಮಾಡಿ, ಜೊತೆಯವನ ಸರದಿಗೆ ಕಾದು, ತಪ್ಪಿದವನನ್ನು ಎತ್ತಿ ನಡೆಸುವ ಮನುಷ್ಯನನ್ನು ಕಣ್ಣೆದುರು ಕಂಡಾಗ ಆ ನೆಮ್ಮದಿ ಕದಡುತ್ತದೆ. ಕದಡಬೇಕು. ಹಾಗೆಂದು ಸಮುದಾಯದ ಗಾಯ ಮಾಯಿತು ಎಂದು ಘೋಷಿಸಿಬಿಟ್ಟರೆ ಅದು ಸುಳ್ಳು. ಸತ್ತವನ ಮನೆಯ ಲೆಕ್ಕ ಬಾಕಿ ಇದೆ ಎಂಬುದನ್ನು ಅದೇ ವೇದಿಕೆಯಲ್ಲಿ ಹೇಳುವ ಧೈರ್ಯವೂ ಬೇಕು.

ಲಿಂಗತ್ವ ಅಲ್ಪಸಂಖ್ಯಾತ ಕಲಾವಿದೆ ಮಂಜಮ್ಮ ಜೋಗತಿಯವರ ಉದಾಹರಣೆ ಬೇರೆ ಥರದ್ದು. ಮನೆಯೂ ಊರೂ ದೂರ ಮಾಡಿದ ಮೇಲೆ ಅವರಿಗೆ ಆಸರೆಯಾದದ್ದು ಜೋಗತಿ ನೃತ್ಯ. ಅದು ಎಲ್ಲಮ್ಮನ ಪರಂಪರೆಯ ಕಲೆ. ಆ ಪರಂಪರೆಯ ಹೆಸರಿನಲ್ಲೇ ಎಷ್ಟೋ ಹೆಣ್ಣುಮಕ್ಕಳ ಬದುಕು ಹಾಳಾಗಿದೆ, 1982ರಲ್ಲಿ ದೇವದಾಸಿ ನಿಷೇಧ ಕಾಯ್ದೆಯನ್ನೇ ತರಬೇಕಾಯಿತು. ಗಾಯವೂ ಮದ್ದೂ ಒಂದೇ ಕೊಡದಲ್ಲಿವೆ. 2019ರಲ್ಲಿ ಅವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಸ್ವೀಕರಿಸಿದರು. ಕುಣಿಯುವಾಗ ನೋಡಿ ಕಾಸು ಕೊಟ್ಟವರು ಮೊದಲೂ ಇದ್ದರು. ಯಾವ ಕಲಾವಿದರಿಗೆ ಮಾಸಾಶನ, ಯಾವ ಕಲೆಗೆ ಪ್ರಶಸ್ತಿ ಎಂಬ ಚರ್ಚೆ ನಡೆಯುವ ಕುರ್ಚಿಯಲ್ಲಿ ಅವರು ಕೂತಾಗ ಬದಲಾದದ್ದು ಅಕಾಡೆಮಿ. ನಾನು ಬದಲಾವಣೆ ಎಂದು ಕರೆಯುವುದು ಅದನ್ನು.

ಬೋಲ್ 1993ರಲ್ಲಿ ರಿಯೊ ಡಿ ಜನೈರೊ ನಗರಸಭೆಯ ಸದಸ್ಯನಾದಾಗ ಇದನ್ನೇ ಇನ್ನೊಂದು ದಾರಿಯಲ್ಲಿ ಮಾಡಿದ. ಬಡ ಬಡಾವಣೆಗಳ ತಂಡಗಳು ತಮ್ಮ ಕಷ್ಟವನ್ನು ಆಡಿ ತೋರಿಸಿದವು, ಅಲ್ಲಿ ಹೊಮ್ಮಿದ ಸಲಹೆಗಳನ್ನು ಅವನು ಸಭೆಯ ಮುಂದಿಟ್ಟ. ನಾಲ್ಕು ವರ್ಷದಲ್ಲಿ 13 ಕಾನೂನುಗಳು ಹೀಗೆ ಬಂದವು.

ಕೇರಿಗಾಗಿ, ಸೆರೆಮನೆಗಾಗಿ, ಶಿಬಿರಗಳಿಗಾಗಿ ಕಲಾತಂಡಗಳಿಗೆ ಹಣ ಕೊಡುವ ಸಂಸ್ಥೆಗಳಲ್ಲಿ, ಇಲಾಖೆಗಳಲ್ಲಿ ನನ್ನದೊಂದು ಕೋರಿಕೆ. ನಾಟಕವನ್ನು ಕಟ್ಟುವ ಹಕ್ಕನ್ನು ಅಲ್ಲಿನವರಿಗೇ ಬಿಡಿ. ಕಟ್ಟಿದ ಮೇಲೆ ಮೊದಲ ಪ್ರದರ್ಶನವನ್ನು ಊರ ಚಾವಡಿಯಲ್ಲಿ, ತಾಲ್ಲೂಕು ಕಚೇರಿಯ ಅಂಗಳದಲ್ಲಿ ಇಡಿಸಿ. ಅಧಿಕಾರಿಗಳು, ಪಂಚಾಯಿತಿ ಸದಸ್ಯರು, ಊರ ಗೌಡರು ಮುಗಿಯುವ ತನಕ ಕೂತು ನೋಡಲಿ. ಆಟ ಮುಗಿದ ಮೇಲೆ ಏನು ಮಾಡುತ್ತೀರಿ ಎಂದು ಅವರನ್ನು ಕೇಳುವ ಅವಕಾಶ ಆಡಿದವರಿಗೆ ಇರಲಿ.