ಬೇಬಾಕಿ ಪತ್ರವಿಲ್ಲದ ಸಾಲ

ಪರಊರಿನಲ್ಲಿರುವ ನಾವು ಮನೆಗೆ ಫೋನು ಮಾಡಿದಾಗ ಮೊದಲು ಹೇಳುವ ಮಾತು, "ನಾವೆಲ್ಲ ಆರಾಮ." ಊರಿನವರ ನಿದ್ದೆ ಕೆಡದಿರಲಿ ಎಂಬ ಪ್ರೀತಿ ಅದರಲ್ಲಿದೆ. ಆದರೆ ಕಾಯಿಲೆ ವಂಶದಲ್ಲೇ ಹರಿದು ಬರುವಂಥದ್ದಾದರೆ ಈ 'ಆರಾಮ' ಸಲ್ಲುತ್ತದೆಯೇ?

ಮುಂಬೈಯಲ್ಲಿ ನನಗೆ ಪರಿಚಯದ, ಧಾರವಾಡ ಕಡೆಯ ಒಬ್ಬರ ದೊಡ್ಡ ಕರುಳಿನ ತುಂಬ ನೂರಾರು ಪಾಲಿಪ್ ಗಂಟುಗಳಿದ್ದವು. ಎಪಿಸಿ ಎಂಬ ಜೀನಿನ ದೋಷ. ಆ ಜೀನು ಪತ್ತೆಯಾದದ್ದು 1991ರಲ್ಲಿ. ತಂದೆ ಅಥವಾ ತಾಯಿಗೆ ಇದ್ದರೆ ಪ್ರತಿ ಮಗುವಿಗೂ ಬರುವ ಸಂಭವ ಅರ್ಧಕ್ಕರ್ಧ. ಹಾಗೇ ಬಿಟ್ಟರೆ ಕ್ಯಾನ್ಸರ್ ಹೆಚ್ಚುಕಡಿಮೆ ಖಚಿತ. ಆದ್ದರಿಂದ ದೊಡ್ಡ ಕರುಳು ತೆಗೆದು, ಸಣ್ಣ ಕರುಳಿನ ತುದಿಯನ್ನೇ ಚೀಲದಂತೆ ಹೊಲಿದು ಕೆಳಗೆ ಜೋಡಿಸಿದರು. 1978ರಲ್ಲಿ ಲಂಡನ್ನಿನ ಪಾರ್ಕ್ಸ್ ಮತ್ತು ನಿಕೋಲ್ಸ್ ಪ್ರಕಟಿಸಿದ ವಿಧಾನವಿದು.

ಊರಲ್ಲಿ "ಗುಣ ಆತು" ಅಂತ ಸುದ್ದಿ. ಬ್ಯಾಂಕಿನವನಾಗಿ ಹೇಳುವುದಾದರೆ, ಅಸಲಿನ ಬಹುಪಾಲು ತೀರಿತು, ಬೇಬಾಕಿ ಪತ್ರ ಸಿಗಲಿಲ್ಲ. ಜೋಡಣೆಯ ಜಾಗದಲ್ಲಿ ಉಳಿದ ಹಳೆಯ ಒಳಪದರದಲ್ಲಿ, ಹೊಸ ಚೀಲದಲ್ಲಿ ಕೂಡ, ಮತ್ತೆ ಗಂಟು ಹುಟ್ಟಬಹುದು. ಅಪರೂಪಕ್ಕೆ ಕ್ಯಾನ್ಸರೂ ಆಗಬಹುದು. ಸಣ್ಣ ಕರುಳಿನ ಮೊದಲ ಭಾಗಕ್ಕೂ ಅದೇ ಭಯ. ಮೊದಲಿನ ಅಪಾಯದ ಮುಂದೆ ಇದು ಚಿಕ್ಕದು, ಆದರೆ ಸೊನ್ನೆಯಲ್ಲ. ಸಾಮಾನ್ಯವಾಗಿ ವರ್ಷಕ್ಕೊಮ್ಮೆ ಚೀಲದ ಸ್ಕೋಪಿ ಆಗಬೇಕು, ಅದೂ ಜೀವನಪೂರ್ತಿ.

ಹಿರಿಯರು, "ಹುಡುಗ್ಯಾರ ಲಗ್ನ ಆಗೂತನಕ ಬಾಯಿ ಬಿಡಬ್ಯಾಡ" ಅಂದರಂತೆ. ಇದನ್ನು ಅಜ್ಞಾನ ಎಂದು ತಳ್ಳಿಹಾಕಲಾರೆ. ಸಂಬಂಧ ಮುರಿದುಬಿದ್ದರೆ ನೋವು ಉಣ್ಣುವವರು ಆ ಹುಡುಗಿಯರೇ. ಆದರೆ ಗುಟ್ಟಿಗೂ ಬಡ್ಡಿ ಇದೆ. ಪೂರ್ತಿ ಗುಣವಾದವನೆಂದು ತೋರಿಸಿಕೊಂಡವನು ಪ್ರತಿ ವರ್ಷ ಆಸ್ಪತ್ರೆಗೆ ಹೋಗಲು ಏನು ನೆಪ ಹೇಳಬೇಕು? ಅವರು ಎರಡು ವರ್ಷ ತಪಾಸಣೆ ತಪ್ಪಿಸಿದರು. ಊರಲ್ಲಿರುವ ತಮ್ಮನಿಗೂ ಈ ದೋಷವಿದ್ದರೆ, ಅವನ ಮಕ್ಕಳಿಗೆ ಹತ್ತು ಹನ್ನೆರಡನೇ ವಯಸ್ಸಿಗೇ ತಪಾಸಣೆ ಶುರುವಾಗಬೇಕು. ತಿಳಿಯದೆ ಶುರುವಾಗುವುದು ಹೇಗೆ?

ನನಗನ್ನಿಸುವುದು, ಇದು ಜಂಟಿ ಖಾತೆ. ಒಬ್ಬನೇ ಪಾಸುಬುಕ್ಕು ಬಚ್ಚಿಡುವ ಹಾಗಿಲ್ಲ. ಊರಿಗೆಲ್ಲ ಸಾರಬೇಕಿಲ್ಲ, ಒಡಹುಟ್ಟಿದವರಿಗೆ, ಮಕ್ಕಳಿಗೆ ಹೇಳಲೇಬೇಕು. ಮನೆಯ ಒಬ್ಬರಲ್ಲಿ ದೋಷ ನಿಖರವಾಗಿ ಗುರುತಾಗಿದ್ದರೆ, ಉಳಿದವರಿಗೆ ಒಂದು ರಕ್ತಪರೀಕ್ಷೆ ಸಾಕು. ಇಲ್ಲವೆಂದು ತಿಳಿದ ಹುಡುಗಿ ಆ ಭಯದಿಂದ ಪಾರು. ಇದೆ ಎಂದು ತಿಳಿದವಳಿಗೆ ಕ್ಯಾನ್ಸರ್ ಬರುವ ಮೊದಲೇ ಎಚ್ಚರವಹಿಸಲು ಸಮಯ ಸಿಗುತ್ತದೆ. ಲಗ್ನಕ್ಕಾಗಿ ಮುಚ್ಚಿಟ್ಟರೆ ಇಬ್ಬರಿಗೂ ಅದು ಸಿಗುವುದಿಲ್ಲ.