ಹಳ್ಳದ ಕುಂಬಾರ

(ಸಿದ್ದಾಪುರದ ಕಡೆಯ ಒಂದು ಮನೆ. ಮಳೆ ಹಿಡಿದು ನಾಲ್ಕು ದಿನ. ಬಳಸದ ತಿಗರಿ ಜಗಲಿಯ ಗೋಡೆಗೆ ಒರಗಿದೆ. ಮೊಮ್ಮಗಳು ಮೊಬೈಲಿನಲ್ಲಿ ಚಿತ್ರ ತೋರಿಸುತ್ತಿದ್ದಾಳೆ.)

ಅಜ್ಜ: ಎಂತದೇ ಇದು, ಕೆಸರಿನ ಉಂಡೆ?

ಮೊಮ್ಮಗಳು: ಒಳಗೆ ಮೊಟ್ಟೆ ಇದೆ ಅಜ್ಜ. ಕತ್ತಲೆಕಾನಿನ ಹಳ್ಳದ ಕಪ್ಪೆದು, ಆ ರಾಂಪತ್ರೆ ಜಡ್ಡಿ ಇದೆಯಲ್ಲ, ಅಲ್ಲಿ. ರಾತ್ರಿ ಹೊತ್ತು ಮುಂಗೈ ಊರಿ ತಲೆಕೆಳಗಾಗಿ ನಿಂತು, ನೀರಿನ ಮೇಲಿರೋ ಕಡ್ಡಿಗೋ ತೊಗಟೆಗೋ ಮೊಟ್ಟೆ ಅಂಟಿಸ್ತವೆ. ಹೆಣ್ಣು ಹೊರಟುಹೋಗ್ತದೆ. ಆಮೇಲೆ ಗಂಡು ಹಳ್ಳದ ತಳದಿಂದ ಮುಂಗೈಯಲ್ಲಿ ಕೆಸರು ತೆಗೆತೆಗೆದು ಮೆತ್ತುತ್ತದೆ. 2014ರಲ್ಲಿ ಕೆ.ವಿ. ಗುರುರಾಜ ಮತ್ತೆ ಅವರ ಜೊತೆಯವರು ಹೆಸರಿಟ್ಟರು: ನಿಕ್ಟಿಬಟ್ರಾಕಸ್ ಕುಂಬಾರ.

ಅಜ್ಜ: ಕುಂಬಾರ? ನಮ್ಮ ಕುಂಬಾರನೇ?

ಮೊಮ್ಮಗಳು: ನಮ್ಮದೇ. ಲೋಕದ ಯಾವ ಮೂಲೆಯವರು ಈ ಕಪ್ಪೆ ಬಗ್ಗೆ ಬರೆದರೂ ಈ ಕನ್ನಡ ಮಾತನ್ನೇ ಬರೀಬೇಕು.

ಅಜ್ಜ: ಹೆಸರೇನೋ ಚಂದ. ಆದ್ರೆ ತಪ್ಪು. ತಿಗರಿ ಇಲ್ಲ, ಆವಿಗೆ ಇಲ್ಲ, ಮಣ್ಣು ತುಳಿದು ಹದ ಮಾಡಲಿಲ್ಲ. ಗೋಡೆಗೆ ಮಣ್ಣು ಬಳಿಯೋರನ್ನೆಲ್ಲ ಕುಂಬಾರ ಅಂದರೆ ನಿನ್ನ ಅಜ್ಜಿಯೂ ಕುಂಬಾರಳೇ.

ಮೊಮ್ಮಗಳು: ಕಪ್ಪೆ ಮೊಟ್ಟೆಗೆ ಚಿಪ್ಪಿಲ್ಲ ಅಜ್ಜ. ಕೆಸರು ಇಲ್ಲದಿದ್ರೆ ಒಣಗಿಹೋಗ್ಬಹುದು, ಯಾವುದೋ ಹುಳ ತಿಂದುಬಿಡಬಹುದು. ಅದಕ್ಕೇ ಮೆತ್ತುತ್ತದೆ ಅಂತ ಅಂದಾಜು.

ಅಜ್ಜ: ಅಲ್ಲೇ ನೋಡು ಕಥೆ ತಿರುಗಿಬಿತ್ತು. ನಾನು ಮಣ್ಣಿನೊಳಗಿಂದ ನೀರು ಓಡಿಸೋನು. ನೆರಳಲ್ಲಿ ಒಣಗಿಸಿ, ಬೆಂಕಿಗೆ ಹಾಕಿ, ಇನ್ನು ಯಾವತ್ತೂ ಕೆಸರಾಗದ ಹಾಗೆ ಮಾಡೋನು. ಅವನು ಮಣ್ಣಲ್ಲಿ ನೀರು ಹಿಡಿದಿಡೋನು. ನನ್ನ ಮಡಕೆ ಒಡೆದರೆ ನಷ್ಟ. ಅವನ ಉಂಡೆ ಒಡೀದೇ ಇದ್ರೆ?

ಮೊಮ್ಮಗಳು: ಗೊದಮೊಟ್ಟೆ ಹೊರಗೆ ಬರೋದು ಹೇಗೆ? ಬಂದು ಹಳ್ಳಕ್ಕೆ ಬೀಳಬೇಕು.

ಅಜ್ಜ: ಹಾಂ.

ಮೊಮ್ಮಗಳು: ನನಗೆ ಕಾಡೋದು ಬೇರೆ. ಕೆಸರು ಯಾಕೆ ಮೆತ್ತಬೇಕು ಅಂತ ಆ ಗಂಡು ಕಪ್ಪೆಗೆ ಗೊತ್ತಿದೆಯಾ? ಅಪ್ಪ ಕಲಿಸಲಿಲ್ಲ. ಅದು ಹುಟ್ಟೋ ಹೊತ್ತಿಗೆ ಅಪ್ಪ ಯಾರೋ ಎಲ್ಲೋ. ನೀನು ನಿನ್ನ ಅಪ್ಪನ ಹತ್ರ ಬೈಸಿಕೊಂಡು ಕಲಿತೆ.

ಅಜ್ಜ: ಬೈಸಿಕೊಂಡಿದ್ದು ಹೌದು. ಕಲಿತದ್ದು ಬೈಗುಳದಿಂದಲ್ಲ, ಆವಿಗೆಯಲ್ಲಿ ಒಡೆದ ಮಡಕೆಗಳಿಂದ. ಮೊದಲನೇ ವರ್ಷ ಎಷ್ಟು ಹೋದವು ಅಂತ ಕೇಳಬೇಡ.

ಮೊಮ್ಮಗಳು: ಹಾಗಾದ್ರೆ ಕಪ್ಪೆದೂ ಅದೇ ಲೆಕ್ಕ, ಬರೀ ನಿಧಾನ. ಯಾವ ಕಾಲದಲ್ಲೋ ಯಾವುದೋ ಒಂದರ ಮೊಟ್ಟೆಗೆ ಕೆಸರು ತಾಗಿರಬೇಕು, ಬೇಕೂಂತ ಅಲ್ಲ. ಆ ಮೊಟ್ಟೆಗಳು ಉಳಿದವು. ಕೆಸರಿಲ್ಲದವು ಹೋದವು. ಅದೇ ಹಳ್ಳದಲ್ಲಿ ಇದರ ದಾಯಾದಿಗಳು ಇನ್ನೆರಡು ಜಾತಿ ಇವೆ, ಒಂದಕ್ಕೆ ಜೋಗದ್ದೇ ಹೆಸರು. ಒಂದೇ ನೀರು, ಒಂದೇ ಕತ್ತಲೆ, ಸಂಸಾರ ಮೂರು ರೀತಿ. 2014ರ ಹೊತ್ತಿಗೆ ಲೋಕದ ಕಪ್ಪೆಗಳಲ್ಲಿ ಲೆಕ್ಕಕ್ಕೆ ಸಿಕ್ಕಿದ್ದ ಸಂತಾನದ ಕ್ರಮ 40. ಕೆಸರು ಮೆತ್ತಿ ಮೊಟ್ಟೆ ಕಾಯೋ ಕಪ್ಪೆಯನ್ನು ಅಲ್ಲಿವರೆಗೆ ಎಲ್ಲೂ ಯಾರೂ ವರ್ಣಿಸಿರಲಿಲ್ಲ.

ಅಜ್ಜ: ಅಂದ್ರೆ ಗೊತ್ತಿರೋದು ಈ ಕಪ್ಪೆಗಲ್ಲ. ಒಣಗಿ ಸತ್ತ ಮೊಟ್ಟೆಗಳಿಗೆ.

ಮೊಮ್ಮಗಳು: ಸತ್ತದ್ದಕ್ಕೆ ಗೊತ್ತಾಗೋದು ಹೇಗೆ ಅಜ್ಜ?

ಅಜ್ಜ: ನನ್ನ ಒಡೆದ ಮಡಕೆಗೆ ಗೊತ್ತಾ? ಇಲ್ಲ. ಆದ್ರೂ ಪಾಠ ಇದ್ದದ್ದು ಅದರ ಚೂರಲ್ಲೇ. ಇನ್ನೊಂದು ಕೇಳು. ತಿಗರಿ ಮೇಲೆ ಮಣ್ಣು ಏಳುವಾಗ ಬೆರಳು ಎಲ್ಲಿ ಒತ್ತಬೇಕು ಅಂತ ನಾನು ಯೋಚನೆ ಮಾಡಲ್ಲ. ಮಾಡಿದ ದಿನ ಕಂಠ ಸೊಟ್ಟ. ಐವತ್ತು ವರ್ಷ ಮಾಡಿದ್ದು ಯಾರು, ನಾನೋ ಕೈಯೋ?

ಮೊಮ್ಮಗಳು: ಆದ್ರೆ ನೀನು ನಿಲ್ಲಿಸಬಲ್ಲೆ. ಕಪ್ಪೆ ನಿಲ್ಲಿಸಲ್ಲ.

ಅಜ್ಜ: (ತಿಗರಿಯ ಕಡೆ ನೋಡಿ) ನಿಲ್ಲಿಸಿದ್ದು ನಾನಲ್ಲ. ಪ್ಲಾಸ್ಟಿಕ್ ಕೊಡ.

(ಸ್ವಲ್ಪ ಹೊತ್ತು ಮಳೆಯ ಸದ್ದು ಮಾತ್ರ.)

ಮೊಮ್ಮಗಳು: ಹರಿಹರ ಕವಿಯ ರಗಳೆಯಲ್ಲಿ ಕುಂಬಾರ ಗುಂಡಯ್ಯ ಮಡಕೆ ತಟ್ಟುತ್ತಾ ಇದ್ದಾಗ ಶಿವ ಬಂದು ಕುಣಿದ ಅಂತಾರೆ. ಅವನೇನು ಶಿವನ್ನ ಕುಣಿಸಬೇಕು ಅಂತ ತಟ್ಟಿದ್ನಾ?

ಅಜ್ಜ: ಮಡಕೆ ಗಟ್ಟಿ ಆಗಲಿ ಅಂತ ತಟ್ಟಿರ್ತಾನೆ. ಭಕ್ತಿ ಇತ್ತು, ಇಲ್ಲ ಅನ್ನಲ್ಲ. ಆದ್ರೆ ಭಕ್ತಿ ಅಂತ ಏಟು ಸಡಿಲ ಬಿಟ್ಟಿದ್ರೆ ಮಡಕೆ ಸೋರ್ತಿತ್ತು. ಎಲ್ಲಿ, ಆ ಚಿತ್ರ ಮತ್ತೆ ತೋರ್ಸು. ದೊಡ್ಡದು ಮಾಡು. ಈ ಕೆಸರಲ್ಲಿ ಮರಳು ಎಷ್ಟಿದೆ?

ಮೊಮ್ಮಗಳು: ಮರಳಾ? ನೋಡಿಲ್ಲ ಅಜ್ಜ.

ಅಜ್ಜ: ಮಣ್ಣಿನ ಕೆಲಸದವನ ಬಗ್ಗೆ ಇಷ್ಟು ಓದಿ ಮಣ್ಣೇ ನೋಡಿಲ್ವಾ? ಬರೀ ಜೇಡಿಯಾದ್ರೆ ಬಿರಿಯುತ್ತದೆ, ಮರಳು ಹೆಚ್ಚಾದ್ರೆ ಕಡ್ಡಿಯಿಂದ ಜಾರುತ್ತದೆ. ಅವನು ಎಲ್ಲಿಂದಾದ್ರೂ ಬಾಚ್ತಾನೋ, ಜಾಗ ನೋಡಿ ಬಾಚ್ತಾನೋ?

ಮೊಮ್ಮಗಳು: ಮೊಟ್ಟೆ ಮೇಲಿನದನ್ನ ಮುಟ್ಟೋ ಹಾಗಿಲ್ಲ.

ಅಜ್ಜ: ಅವನದ್ದು ಯಾಕೆ ಮುಟ್ಟಲಿ? ಹಳ್ಳದ ತಳದಲ್ಲಿ ಅವನು ಬಾಚಿದ ಜಾಗ ಇರ್ತದಲ್ಲ, ಅಲ್ಲಿಂದ ಒಂದು ಚಿಟಿಕೆ. ಬೆರಳಲ್ಲಿ ತಿಕ್ಕಿದ್ರೆ ಹೇಳಿಬಿಡ್ತೇನೆ. ನಿನ್ನ ಬ್ಯಾಟರಿಗೆ ಶೆಲ್ ಇದೆಯಾ?