ನಾಲ್ಕು ದಿನದ ಪಟ್ಟಿ

ಎಲ್ಲಿಗೇ ಹೊರಡುವುದಿದ್ದರೂ ಮೊದಲು ಪಟ್ಟಿ ಮಾಡಿಕೊಳ್ಳುವುದು ನನ್ನ ಹಳೆಯ ಚಾಳಿ. ವರ್ಷವರ್ಷವೂ ಶಾಲೆಯ ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ದು ಬಂದ ಗುಣವಿರಬೇಕು. ಎಷ್ಟು ಗಂಟೆಗೆ ಏಳುವುದು, ತಿಂಡಿ ಎಲ್ಲಿ, ಹೆಣ್ಣುಮಕ್ಕಳಿಗೆ ಶೌಚಾಲಯ ಎಲ್ಲಿ, ಯಾವ ಗುಡಿಯ ಬಾಗಿಲು ಎಷ್ಟು ಹೊತ್ತಿಗೆ ಹಾಕುತ್ತಾರೆ, ಇಷ್ಟೂ ಗೊತ್ತಾಗದೆ ನನಗೆ ಬಸ್ಸು ಹತ್ತಲು ಧೈರ್ಯ ಬಾರದು. ನಮ್ಮವರು ಇದಕ್ಕೆ ‘ಟೀಚರ್ ರೋಗ’ ಎಂದು ಹೆಸರಿಟ್ಟಿದ್ದಾರೆ. ಈ ಬೇಸಿಗೆ ರಜೆಗೆ ಬರ್ಲಿನ್ನಿನಲ್ಲಿರುವ ಮಗಳ ಮನೆಗೆ ಹೋಗುವುದೆಂದು ನಿಶ್ಚಯವಾಯಿತು. ಅಲ್ಲಿಂದ ನಾಲ್ಕು ದಿನ ಪೋಲೆಂಡಿನ ಕ್ರಾಕೋವ್ ಎಂಬ ಊರು ನೋಡಿ ಬರೋಣವೆಂದು ಅವಳು ಫೋನಿನಲ್ಲಿ ಹೇಳಿದ ದಿನವೇ ನಾನು ಹೊಸ ನೋಟುಬುಕ್ಕು ತೆಗೆದು ಗೆರೆ ಎಳೆದೆ.

ಪಟ್ಟಿ ಮಾಡುವ ನೆಪದಲ್ಲಿ ಓದಿದ್ದೇ ಓದಿದ್ದು. ಎಂಥ ಊರು ಅಂತೀರಿ! ಊರ ನಡುವೆ ಒಂದು ಚೌಕ, ಪ್ರತಿ ಬದಿಯೂ ಸುಮಾರು 200 ಮೀಟರ್. 1257ರಲ್ಲಿ ಗೆರೆ ಹೊಡೆದು ಬಿಡಿಸಿದ್ದು ಇವತ್ತಿಗೂ ಹಾಗೆಯೇ ಇದೆ. ಚೌಕದ ಮಧ್ಯೆ ಬಟ್ಟೆ ವ್ಯಾಪಾರಿಗಳ ಉದ್ದನೆಯ ಕಟ್ಟಡ. ಮೂಲೆಯಲ್ಲಿ ಸಂತ ಮೇರಿಯ ಚರ್ಚು. ಅದರ ಎತ್ತರದ ಗೋಪುರದಿಂದ ಗಂಟೆಗೊಮ್ಮೆ ಒಬ್ಬ ಕಹಳೆ ಊದುತ್ತಾನೆ. ನಾಲ್ಕು ದಿಕ್ಕಿಗೂ ತಿರುಗಿ ನಾಲ್ಕು ಸಲ ಊದುತ್ತಾನೆ, ನಾಲ್ಕು ಸಲವೂ ರಾಗ ಮುಗಿಯುವ ಮೊದಲೇ ತಟ್ಟನೆ ನಿಲ್ಲಿಸುತ್ತಾನೆ. 1241ರಲ್ಲಿ ತಾರ್ತಾರರು ದಾಳಿಯಿಟ್ಟಾಗ ಊರಿಗೆ ಎಚ್ಚರಿಕೆ ಕೊಡುತ್ತಿದ್ದ ಕಾವಲುಗಾರನ ಗಂಟಲಿಗೆ ಬಾಣ ನೆಟ್ಟಿತಂತೆ. ಅವನು ನಿಲ್ಲಿಸಿದಲ್ಲಿಯೇ ಇವರೂ ನಿಲ್ಲಿಸುತ್ತಾರಂತೆ. ಬಲ್ಲವರು ಇದು ದಂತಕಥೆ ಎನ್ನುತ್ತಾರೆ. ಇರಲಿ, ಕಥೆ ನನಗೆ ಹಿಡಿಸಿತು.

ಗುಡ್ಡದ ಮೇಲೆ ವಾವೆಲ್ ಎಂಬ ಅರಮನೆ, ಅದರ ಪಕ್ಕದಲ್ಲೇ ರಾಜರಿಗೆ ಪಟ್ಟ ಕಟ್ಟುತ್ತಿದ್ದ ದೊಡ್ಡ ಚರ್ಚು. ಒಂದು ವಸ್ತುಸಂಗ್ರಹಾಲಯದಲ್ಲಿ ಲಿಯೊನಾರ್ಡೊ ಬರೆದ ಚಿತ್ರ: ತೋಳಿನಲ್ಲಿ ಬಿಳಿಯ ಮುಂಗುಸಿಯಂಥದೊಂದು ಪ್ರಾಣಿಯನ್ನು ಹಿಡಿದ ಹುಡುಗಿ. ಊರಾಚೆ ವೆಲಿಚ್ಕಾದಲ್ಲಿ ಉಪ್ಪಿನ ಗಣಿ. ನೆಲದಡಿ 101 ಮೀಟರ್ ಆಳದಲ್ಲಿ, ಉಪ್ಪನ್ನೇ ಕಡಿದು ಮಾಡಿದ ದೇವಾಲಯ. ದೀಪದ ಗುಚ್ಛಗಳೂ ಉಪ್ಪಿನ ಹರಳಿನವೇ. ಒಟ್ಟು 800 ಮೆಟ್ಟಿಲು ಎಂದು ಓದಿ ನನ್ನ ಮೊಣಕಾಲು ಕೂತಲ್ಲೇ ನೊಂದಿತು. ಊಟದ ಚಿಂತೆಯೂ ಬಗೆಹರಿಯಿತು. ಆಲೂಗಡ್ಡೆ ಮತ್ತು ಚೀಸು ತುಂಬಿ ಬೇಯಿಸಿದ ‘ಪಿಯೆರೋಗಿ’ ಅಲ್ಲಿ ಎಲ್ಲೆಲ್ಲೂ ಸಿಗುತ್ತದಂತೆ. ಚಿತ್ರ ನೋಡಿದರೆ ನಮ್ಮ ಕಡುಬಿನ ತಂಗಿಯೇ ಸರಿ.

ಓದುತ್ತ ಓದುತ್ತ ಒಂದು ಕಡೆ ನಿಂತುಬಿಟ್ಟೆ. ಆ ಊರಿನ ವಿಶ್ವವಿದ್ಯಾಲಯ 1364ರಷ್ಟು ಹಳೆಯದು. ಕೋಪರ್ನಿಕಸ್ 1491ರಲ್ಲಿ ಅಲ್ಲಿಗೆ ವಿದ್ಯಾರ್ಥಿಯಾಗಿ ಸೇರಿದ. ಅದೇ ವಿಶ್ವವಿದ್ಯಾಲಯದಲ್ಲಿ, 1939ರ ನವೆಂಬರ್ 6ರಂದು, ಊರನ್ನು ವಶಪಡಿಸಿಕೊಂಡಿದ್ದ ಜರ್ಮನ್ನರು ಪ್ರಾಧ್ಯಾಪಕರನ್ನೆಲ್ಲ ಒಂದು ಭಾಷಣಕ್ಕೆಂದು ಕರೆದರು. ಜರ್ಮನಿಯ ಶಿಕ್ಷಣದ ಧೋರಣೆಯನ್ನು ತಿಳಿಸುವ ಭಾಷಣ ಎಂದಿದ್ದರು. ಬಂದು ಕೂತವರನ್ನು ಅಲ್ಲಿಂದಲೇ ಹಿಡಿದೊಯ್ದರು. ನೂರೆಂಬತ್ತಕ್ಕೂ ಹೆಚ್ಚು ಜನ. ಬಹುಮಂದಿಯನ್ನು ಬರ್ಲಿನ್ನಿನ ಹತ್ತಿರದ ಶಿಬಿರಕ್ಕೆ ಸಾಗಿಸಿದರು, ಕೆಲವರು ಮರಳಲಿಲ್ಲ. ಮೇಷ್ಟ್ರುಗಳನ್ನು ಭಾಷಣ ಕೇಳಲು ಕರೆದರೆ ತಪ್ಪದೆ ಬರುತ್ತಾರೆ, ನಿಜ. ನಾವೆಲ್ಲ ಎಷ್ಟು ತರಬೇತಿ ಶಿಬಿರಗಳಿಗೆ ಹೀಗೆ ಹೋಗಿ ಸಹಿ ಹಾಕಿ ಕೂತಿಲ್ಲ! ಆ ದಿನ ನೋಟುಬುಕ್ಕು ಮುಚ್ಚಿಟ್ಟೆ.

ಮರುದಿನ ಮಗಳು ತನ್ನ ಪಟ್ಟಿ ಕಳಿಸಿದಳು. ನನ್ನ ಮಗಳೇ ತಾನೆ, ಅಚ್ಚುಕಟ್ಟಾಗಿತ್ತು. ಮೊದಲ ದಿನ ಚೌಕ, ಚರ್ಚು, ಅರಮನೆ. ಎರಡನೆಯ ದಿನ: ಬೆಳಿಗ್ಗೆ ಆಶ್ವಿಟ್ಜ್, ಮಧ್ಯಾಹ್ನ ಉಪ್ಪಿನ ಗಣಿ, ರಾತ್ರಿ ಊಟ ಹೊರಗೆ.

“ಎರಡೂ ಒಂದ ಟಿಕೆಟಿನ್ಯಾಗ ಆಗ್ತಾವ ಅವ್ವಾ. ಒಂದ ಬಸ್ಸು. ಮಧ್ಯಾಹ್ನದ ಬುತ್ತಿನೂ ಅವರೇ ಕೊಡ್ತಾರ,” ಎಂದಳು.

ಅವಳ ತಪ್ಪೇನಿಲ್ಲ. ಹಾಗೆ ಒಂದೇ ದಿನಕ್ಕೆ ಜೋಡಿಸಿ ಮಾರುತ್ತಾರೆ, ಜನ ಕೊಳ್ಳುತ್ತಾರೆ. ನಾಲ್ಕು ದಿನ ರಜೆ ತೆಗೆದವರಿಗೆ ಸಮಯ ಉಳಿಯುತ್ತದೆ. ಆದರೆ ನನ್ನ ಪೆನ್ನು ಆ ಸಾಲನ್ನು ನಕಲು ಮಾಡಿಕೊಳ್ಳಲು ಒಪ್ಪಲಿಲ್ಲ. ಕ್ರಾಕೋವಿನಿಂದ ಪಶ್ಚಿಮಕ್ಕೆ ಸುಮಾರು 65 ಕಿಲೋಮೀಟರ್ ದೂರದ ಓಶ್ವಿಯೆಂಚಿಮ್ ಎಂಬ ಊರಿಗೆ ಜರ್ಮನ್ನರು ಇಟ್ಟ ಹೆಸರು ಆಶ್ವಿಟ್ಜ್. ಅಲ್ಲಿಯೂ ಪಕ್ಕದ ಬಿರ್ಕೆನಾವ್‌ನಲ್ಲಿಯೂ ಐದು ವರ್ಷಗಳೊಳಗೆ ಸತ್ತವರು ಸುಮಾರು 11 ಲಕ್ಷ ಜನ. ಅವರಲ್ಲಿ 10 ಲಕ್ಷದಷ್ಟು ಜನ ಯಹೂದಿಗಳು. ಇಂಥ ಜಾಗ ನೋಡಿ, ಬುತ್ತಿ ಬಿಚ್ಚಿ ಉಂಡು, ಉಪ್ಪಿನ ದೀಪ ನೋಡಲು ಹೋಗುವುದೇ?

ನಮ್ಮವರನ್ನು ಕೇಳಿದೆ. ಅವರು ಪತ್ರಿಕೆಯಿಂದ ತಲೆ ಎತ್ತದೆಯೇ, “ಸ್ಮಶಾನ ನೋಡಲಿಕ್ಕೆ ಯಾರಾದರೂ ವಿಮಾನ ಹತ್ತುತ್ತಾರೇನು? ನೀನು ಹೋದರೆ ಸತ್ತವರಿಗೆ ಏನು ಬಂತು? ಬಿಟ್ಟುಬಿಡು,” ಎಂದರು. ಅವರ ಮಾತನ್ನು ಹಗುರವಾಗಿ ತಳ್ಳಿಹಾಕಲಾರೆ. ಸಾವಿನ ಮನೆಗೆ ಹೋದರೆ ನಾವು ಹೋಗುವುದು ಬದುಕಿರುವವರಿಗಾಗಿ. ಅಲ್ಲಿ ಕೈ ಹಿಡಿದು ಕೂರಲು ಯಾರಿದ್ದಾರೆ? ಪರರ ದುಃಖವನ್ನು ಪ್ರದರ್ಶನದ ಹಾಗೆ ಸಾಲಿನಲ್ಲಿ ನಿಂತು ನೋಡುವುದು ಸಭ್ಯತೆಯೇ?

ಹಾಗಾದರೆ ಬಿಟ್ಟುಬಿಡಬಹುದಿತ್ತು. ಆದರೆ ಬಿಡಲಾಗದ ಒಂದು ಕಾರಣ ನನ್ನೊಳಗೆ ಇತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ, ನಿಮಗೆ ಹೇಳುತ್ತೇನೆ. ಮೂವತ್ತು ವರ್ಷಗಳಿಂದ ನಾನು ಹತ್ತನೆಯ ತರಗತಿಗೆ ಸಮಾಜವಿಜ್ಞಾನ ಕಲಿಸುತ್ತಿದ್ದೇನೆ. ಎರಡನೆಯ ಮಹಾಯುದ್ಧದ ಪಾಠದಲ್ಲಿ ಈ ವಿಷಯ ಬರುತ್ತದೆ, ಹೋಗುತ್ತದೆ. ಎರಡು ಅಂಕದ ಪ್ರಶ್ನೆ. ‘ಮುಖ್ಯ, ಅಡಿಗೆರೆ ಹಾಕಿಕೊಳ್ಳಿ’ ಎಂದು ಹೇಳಿ ಮುಂದಕ್ಕೆ ಹೋಗುತ್ತಿದ್ದೆ. ಬಹಳ ವರ್ಷದ ಹಿಂದೆ, ಫೆಬ್ರುವರಿಯ ಒಂದು ಮಧ್ಯಾಹ್ನ, ಪಾಠಗಳು ಮುಗಿದಿಲ್ಲವೆಂಬ ಗಡಿಬಿಡಿಯಲ್ಲಿದ್ದಾಗ ಹಿಂದಿನ ಬೆಂಚಿನ ಒಬ್ಬ ಹುಡುಗಿ ಎದ್ದು ನಿಂತು ಕೇಳಿದಳು: “ಟೀಚರ್, ಅಷ್ಟು ಮಂದಿ ಸುಮ್ಮನ ಯಾಕ ಹ್ವಾದ್ರು?”

“ಅದು ಪರೀಕ್ಷೆಗೆ ಬರೋದಿಲ್ಲ, ಕೂತ್ಕೋ,” ಎಂದೆ.

ಅವಳು ಕೂತಳು. ಮತ್ತೆ ಆ ವರ್ಷವೆಲ್ಲ ಏನನ್ನೂ ಕೇಳಲಿಲ್ಲ. ಉತ್ತರ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲವೆಂದು ಹೇಳಿದ್ದರೂ ಆಗುತ್ತಿತ್ತು. ಈಗ ಓದಿದಾಗ ತಿಳಿಯಿತು. ಸುಮ್ಮನೆ ಹೋಗಲಿಲ್ಲ, ಬಹಳ ಜನಕ್ಕೆ ಸುಳ್ಳು ಹೇಳಿದ್ದರು. ಬೇರೆ ಕಡೆ ನೆಲೆಗೊಳಿಸುತ್ತೇವೆ, ಅಲ್ಲಿ ಕೆಲಸವಿದೆ ಎಂದಿದ್ದರು. ಪೆಟ್ಟಿಗೆಗಳ ಮೇಲೆ ಹೆಸರು ಬರೆಯಿರಿ, ಕಳೆದುಹೋಗಬಾರದು ಎಂದಿದ್ದರು. ಆ ಪೆಟ್ಟಿಗೆಗಳು ಇಂದಿಗೂ ಅಲ್ಲಿ ಗಾಜಿನ ಹಿಂದೆ ರಾಶಿ ಬಿದ್ದಿವೆ. ಬಿಳಿ ಬಣ್ಣದ ದಪ್ಪ ಅಕ್ಷರ; ಹೆಸರು, ಊರು, ಕೆಲವದರ ಮೇಲೆ ಹುಟ್ಟಿದ ತಾರೀಖು. ಇನ್ನೊಂದು ಕೋಣೆಯಲ್ಲಿ ಹೆಂಗಸರ ಕತ್ತರಿಸಿದ ಕೂದಲು, ಹೆಚ್ಚುಕಡಿಮೆ ಎರಡು ಟನ್. ಅದರಲ್ಲಿ ಹೆಣೆದ ಜಡೆಗಳು ಹೆಣೆದ ಹಾಗೆಯೇ ಇವೆಯಂತೆ. ಅಲ್ಲಿ ಫೋಟೊ ತೆಗೆಯಬಾರದೆಂದು ನಿಯಮವಿದೆ. ಬೆಳಿಗ್ಗೆ ಶಾಲೆಗೆ ಹೊರಡುವ ಮಗಳ ಜಡೆ ಹೆಣೆದವರಿಗೆ ಆ ನಿಯಮದ ಅರ್ಥ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಈ ಚರ್ಚೆ ಮನೆಯಲ್ಲಿ ನಡೆದಾಗ ನಮ್ಮ ಅತ್ತೆ ಪಡಸಾಲೆಯ ಮಂಚದ ಮೇಲೆ ಕೂತು ಅಡಿಕೆ ಕುಟ್ಟುತ್ತಿದ್ದರು. ತೊಂಬತ್ತರ ಹತ್ತಿರದ ವಯಸ್ಸು. ಕಿವಿ ಅರ್ಧ ಮಂದ, ಬೇಕಾದದ್ದು ಮಾತ್ರ ಸ್ಪಷ್ಟವಾಗಿ ಕೇಳುತ್ತದೆ.

“ಪೋಲಂಡ? ವಳಿವಡಿ ಕ್ಯಾಂಪಿನ ಮಂದಿ ಊರಲ್ಲೇನ ಅದು?” ಎಂದರು.

ನಾನು ಬೆರಗಾದೆ. ಅತ್ತೆಯ ತವರು ನಿಪ್ಪಾಣಿ, ಕೊಲ್ಲಾಪುರಕ್ಕೆ ಹತ್ತಿರ. ಕೊಲ್ಲಾಪುರದ ಬಳಿಯ ವಳಿವಡೆಯಲ್ಲಿ 1943ರಿಂದ 1948ರವರೆಗೆ ಸುಮಾರು 5000 ಪೋಲಿಷ್ ನಿರಾಶ್ರಿತರ ವಸತಿ ಇತ್ತು. ಹೆಚ್ಚಿನವರು ಹೆಂಗಸರು, ಮಕ್ಕಳು. ಇವರು ಹಿಟ್ಲರನ ಶಿಬಿರಗಳಿಂದ ಬಂದವರಲ್ಲ. ಪೋಲೆಂಡಿನ ಪೂರ್ವಭಾಗವನ್ನು ನುಂಗಿದ ಸೋವಿಯತ್ ಸರ್ಕಾರ 1940–41ರಲ್ಲಿ ಸೈಬೀರಿಯಾ, ಕಜಾಕಸ್ತಾನಗಳಿಗೆ ಗಡೀಪಾರು ಮಾಡಿದ ಕುಟುಂಬಗಳು. ಇರಾನಿನ ಮೂಲಕ ನಮ್ಮ ದೇಶಕ್ಕೆ ಬಂದು ಸೇರಿದ್ದವು. ಇತಿಹಾಸ ಕಲಿಸುವ ನನಗೆ ಇದು ಪುಸ್ತಕದ ವಿಷಯ. ಅತ್ತೆಗೆ ಅದು ಒಂದು ಮಧ್ಯಾಹ್ನ.

ಒಂಬತ್ತು ವರ್ಷದ ಹುಡುಗಿ, ತಂಬಾಕಿನ ವ್ಯಾಪಾರಕ್ಕೆ ಹೊರಟ ಅಪ್ಪನ ಜೊತೆ ಕೊಲ್ಲಾಪುರಕ್ಕೆ ಹೋಗಿದ್ದಳು. ಪೇಟೆಯಲ್ಲಿ ಇಬ್ಬರು ಬಿಳಿಯ ಹೆಂಗಸರು, ಮೊಣಕಾಲಿಗೆ ಬರುವ ಲಂಗ, ಕೈಯಲ್ಲಿ ಬುಟ್ಟಿ, ಬದನೆಕಾಯಿಗೆ ಚೌಕಾಶಿ ಮಾಡುತ್ತಿದ್ದಾರೆ. ಅವರ ಹಿಂದೆ ಮಕ್ಕಳ ಹಿಂಡು. “ನಾನೂ ಬೆನ್ನ ಹತ್ತಿದ್ನೆವಾ, ಜಾತ್ರಿ ನೋಡಿದಂಗ ನೋಡಕೋತ. ನಮ್ಮಪ್ಪ ಬಂದು ಕಿವಿ ಹಿಂಡಿದ. ‘ಮನಿ ಕಳಕೊಂಡು ಬಂದ ಮಂದಿ. ನೋಡೂದಾದ್ರ ನಿಂತು ಮಾತಾಡ್ಸು, ಇಲ್ಲಂದ್ರ ತೆಲಿ ತಗ್ಗಿಸಿ ನಡಿ’ ಅಂದ.”

“ಮಾತಾಡಿಸಿದಿರೇನು?”

“ನನಗ ಅವರ ಮಾತು ಎಲ್ಲಿಂದ ಬರಬೇಕು? ಕೈಯಾಗಿನ ಪೇರಲಹಣ್ಣು ಕೊಟ್ಟೆ. ತಗೊಂಡ್ಳು.” ಅಷ್ಟು ಹೇಳಿ ಮತ್ತೆ ಅಡಿಕೆ ಕುಟ್ಟತೊಡಗಿದರು.

ಆ ರಾತ್ರಿ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ. ಅತ್ತೆಯ ಅಪ್ಪ, ನಾಲ್ಕನೆಯ ಇಯತ್ತೆಯೂ ದಾಟದ ಮನುಷ್ಯ, ಹೇಳಿದ ಮಾತಿಗೆ ನಾನು ತಲೆಬಾಗುತ್ತೇನೆ. ಆದರೆ ಮಾತಾಡಿಸೋಣವೆಂದರೆ ಅಲ್ಲಿ ಉತ್ತರ ಕೊಡುವವರು ಯಾರು? ತಲೆ ತಗ್ಗಿಸಿ ನಡೆಯೋಣವೆಂದರೆ, ಇಷ್ಟು ವರ್ಷ ತರಗತಿಯಲ್ಲಿ ನಾನು ಮಾಡಿದ್ದು ಅದೇ ಅಲ್ಲವೇ? ನಮ್ಮವರು ಹೇಳುವ ‘ಬಿಟ್ಟುಬಿಡು’ ಎಂಬುದರಲ್ಲಿ ಗೌರವವೂ ಇರಬಹುದು, ಸೋಮಾರಿತನವೂ ಇರಬಹುದು. ನನ್ನದು ಯಾವುದೆಂದು ನನಗೆ ಗೊತ್ತು.

ಕೊನೆಗೆ ನನ್ನನ್ನು ಒಂದು ಕಡೆಗೆ ವಾಲಿಸಿದ್ದು ಒಂದು ಸಣ್ಣ ಸಂಗತಿ. ಆ ಜಾಗವನ್ನು ಸ್ಮಾರಕವಾಗಿ ಉಳಿಸಬೇಕೆಂದು ಮೊದಲು ಹಟ ಹಿಡಿದವರು ಅಲ್ಲಿಂದ ಜೀವಂತ ಹೊರಬಂದ ಕೈದಿಗಳೇ. ಅವರ ಒತ್ತಾಯದಿಂದಲೇ 1947ರಲ್ಲಿ ಪೋಲೆಂಡಿನ ಸಂಸತ್ತು ಅದನ್ನು ವಸ್ತುಸಂಗ್ರಹಾಲಯ ಮಾಡಿತು. ಮೊದಮೊದಲು ಬಂದವರಿಗೆ ದಾರಿ ತೋರಿಸಿದವರಲ್ಲಿಯೂ ಅವರು ಇದ್ದರು. ನನಗೆ ಇದು ತಿಳಿದಿರಲಿಲ್ಲ. ನಾವಾಗಿ ಇಣುಕಲು ಹೋಗುವುದು ಬೇರೆ, ಮನೆಯವರೇ ಬಾಗಿಲು ತೆರೆದು ಬನ್ನಿ ನೋಡಿ ಎನ್ನುವುದು ಬೇರೆ. ಆದರೆ ಕರೆದ ಮನೆಗೆ ಹೋಗುವ ರೀತಿಯೊಂದಿದೆಯಲ್ಲ. ಇನ್ನೊಂದು ಮನೆಯ ಆರತಕ್ಷತೆಗೆ ಹೊತ್ತಾಯಿತೆಂದು ಗಡಿಯಾರ ನೋಡುತ್ತ ಕೂರಬಾರದು.

ಮಗಳಿಗೆ ಫೋನು ಮಾಡಿ ಹೇಳಿದೆ: ಉಪ್ಪಿನ ಗಣಿಯನ್ನು ಆ ದಿನದಿಂದ ತೆಗೆ. ಬೇರೆ ದಿನಕ್ಕೆ ಹೊಂದಿದರೆ ಸರಿ, ಇಲ್ಲದಿದ್ದರೆ ಬೇಡ, ಮೊಣಕಾಲು ಹರಸುತ್ತದೆ. ಆ ಒಂದು ದಿನ ಅದೊಂದೇ. ಮಾರ್ಗದರ್ಶಕರ ಜೊತೆ ಮೂರೂವರೆ ತಾಸು ನಡೆದು ಬಂದ ಮೇಲೆ ನನಗೆ ಯಾವ ಊಟದ ಮನೆಯೂ ಬೇಡ.

“ಮತ್ತ ಕೂಸನ್ನ ಏನ ಮಾಡೋದು?” ಎಂದಳು. ಇದು ನಿಜವಾದ ಪ್ರಶ್ನೆ. ಮೊಮ್ಮಗಳಿಗೆ ಹನ್ನೊಂದು, ಹದಿನಾಲ್ಕು ತುಂಬದ ಮಕ್ಕಳನ್ನು ಕರೆತರುವುದು ಬೇಡವೆಂದು ಅಲ್ಲಿಯವರೇ ಸಲಹೆ ಕೊಡುತ್ತಾರೆ. ನಮ್ಮವರು ಕೂಡಲೇ, “ನಾನು ಅವಳ ಜೊತೆ ಚೌಕದಲ್ಲಿ ಕಹಳೆ ಕೇಳುತ್ತ ಇರುತ್ತೇನೆ,” ಎಂದರು. ಅಳಿಯ ತಾನೂ ಇರುತ್ತೇನೆ ಎನ್ನುತ್ತಾನೆ. ಅವನು ಇದಕ್ಕೆ ಮುಂಚೆ ಒಮ್ಮೆ ಹೋಗಿ ಬಂದಿದ್ದಾನೆ. ಆ ಬಗ್ಗೆ ಮಾತಾಡುವುದಿಲ್ಲ. ಇಬ್ಬರಲ್ಲಿ ಯಾರು ಎಂಬುದು ಇನ್ನೂ ತೀರ್ಮಾನವಾಗಿಲ್ಲ.

ಹಾಗೆಂದು ಮೊಮ್ಮಗಳಿಂದ ಎಲ್ಲವನ್ನೂ ಮುಚ್ಚಿಡುವ ಮನಸ್ಸೂ ನನಗಿಲ್ಲ. ಕ್ರಾಕೋವಿನೊಳಗೇ, ನದಿಯಾಚೆ, ಪೊಡ್ಗುಜೆ ಎಂಬ ಬಡಾವಣೆಯಿದೆ. ಯುದ್ಧಕ್ಕೆ ಮುಂಚೆ ಆ ಊರಿನಲ್ಲಿ ಅರವತ್ತು ಸಾವಿರದಷ್ಟು ಯಹೂದಿಗಳಿದ್ದರು. ಬಹಳಷ್ಟು ಜನರನ್ನು ಊರಿನಿಂದ ಓಡಿಸಿ, ಉಳಿದವರನ್ನು 1941ರ ಮಾರ್ಚಿನಲ್ಲಿ ಈ ಬಡಾವಣೆಗೆ ತಳ್ಳಿ ಸುತ್ತ ಗೋಡೆ ಕಟ್ಟಿದರು. ಎರಡು ವರ್ಷ ತುಂಬುವಷ್ಟರಲ್ಲಿ ಖಾಲಿ ಮಾಡಿಸಿದರು. ಅಲ್ಲಿ ತಾದೇವುಷ್ ಪಂಕ್ಯೆವಿಚ್ ಎಂಬ ಪೋಲಿಷ್ ಔಷಧ ವ್ಯಾಪಾರಿಯ ಅಂಗಡಿಯಿತ್ತು. ಯಹೂದಿಯಲ್ಲದ ಅವನು ಅಂಗಡಿ ಮುಚ್ಚದೆ ಅಲ್ಲಿಯೇ ಉಳಿದ. ಔಷಧ ಕೊಟ್ಟ, ಅಡಗಿಸಿಟ್ಟ. ಹುಡುಕಲು ಬಂದಾಗ ಕೂಸುಗಳು ಅಳದಂತೆ ಮಂಪರಿನ ಔಷಧ ಕೊಟ್ಟ. ಅಂಗಡಿ ಈಗ ವಸ್ತುಸಂಗ್ರಹಾಲಯ. ಎದುರಿನ ಚೌಕದಲ್ಲಿ 2005ರಲ್ಲಿ ಲೋಹದ ದೊಡ್ಡ ದೊಡ್ಡ ಖಾಲಿ ಕುರ್ಚಿಗಳನ್ನು ಸಾಲಾಗಿ ಇಟ್ಟಿದ್ದಾರೆ. ಸಾಗಿಸಲ್ಪಟ್ಟವರು ಬಿಟ್ಟುಹೋದ ಸಾಮಾನಿನ ನೆನಪಿಗೆ. ಪಕ್ಕದಲ್ಲೇ ಟ್ರಾಮ್ ನಿಲ್ದಾಣ. ಕಾಯುವವರು ಅಂಚಿನ ಸಣ್ಣ ಕುರ್ಚಿಗಳ ಮೇಲೆ ಚೀಲ ಇಟ್ಟುಕೊಂಡು ಕೂರುವುದೂ ಉಂಟಂತೆ. ಮೊದಲು ಓದಿದಾಗ ನನಗೆ ಸಿಟ್ಟು ಬಂತು. ಆಮೇಲೆ, ಕೂರಲಿ ಅನ್ನಿಸಿತು. ಮೊಮ್ಮಗಳನ್ನು ಅಲ್ಲಿಗೆ ಕರೆದೊಯ್ಯುತ್ತೇನೆ. ಕುರ್ಚಿ ಯಾಕೆ ಖಾಲಿ ಎಂದು ಅವಳು ಕೇಳುತ್ತಾಳೆ. ಈ ಸಲ ಕೂತ್ಕೋ ಎನ್ನುವುದಿಲ್ಲ.

ನಿನ್ನೆ ರಾತ್ರಿ ಮಗಳ ಸಂದೇಶ ಬಂತು. ಆಶ್ವಿಟ್ಜಿನ ಪ್ರವೇಶದ ಚೀಟಿ ಹೆಸರಿನ ಮೇಲೆಯೇ ಕೊಡುತ್ತಾರಂತೆ. ‘ಪಾಸ್‌ಪೋರ್ಟಿನ್ಯಾಗ ಹೆಂಗದನೋ ಹಂಗ ನಿನ್ನ ಹೆಸರು ಬರದು ಕಳಸು ಅವ್ವಾ, ಒಂದಕ್ಷರ ತಪ್ಪಬಾರದು.’ ಪೆಟ್ಟಿಗೆಯಿಂದ ಪಾಸ್‌ಪೋರ್ಟು ತೆಗೆದೆ. ಓದಲು ಸುಲಭವಾಗಲೆಂದು ಒಂದು ಹಾಳೆಯ ಮೇಲೆ ದಪ್ಪ ಅಕ್ಷರದಲ್ಲಿ ಹೆಸರು, ಊರು, ಹುಟ್ಟಿದ ತಾರೀಖು ಬರೆದೆ. ಬರೆದ ಮೇಲೆ ಆ ಹಾಳೆಯನ್ನು ನೋಡುತ್ತ ಸ್ವಲ್ಪ ಹೊತ್ತು ಕೂತಿದ್ದೆ. ನಮ್ಮವರು ದೀಪ ಆರಿಸಲೇ ಎಂದು ಕೇಳಿದರು. ಆಮೇಲೆ ಅದರ ಫೋಟೊ ತೆಗೆದು ಮಗಳಿಗೆ ಕಳಿಸಿದೆ.